ತೊಳೆದವಳ ಕೈ

ಬಾರ್ಕ್ಲಿ ಹಳ್ಳ, ಲಾಫ್ಟಿಸ್ ಕೌಂಟಿ, ಜಾರ್ಜಿಯಾ
೧೮೭೬, ಫೆಬ್ರವರಿ ೨೦, ಭಾನುವಾರ

ನನ್ನ ಮೇಲೆ ಮುನಿಸಿಕೊಂಡು ಬೆಟ್ಟದಾಚೆ ಹೋಗಿ ಕೂತಿರುವ ತಂಗಿ ಕೆಜಾಯಾಗೆ, ನಿನ್ನ ಅಕ್ಕ ಟಾಬಿತಾ ಬರೆಯುವುದು.

ಕೆಜ್ಜೀ, ನನ್ನ ಅಕ್ಷರ ಕಂಡ ಕೂಡಲೇ ಇದನ್ನು ಒಲೆಗೆ ಹಾಕಬೇಡ. ಹಾಕಲೇಬೇಕು ಅನ್ನಿಸಿದರೆ ಪೂರ್ತಿ ಓದಿಯಾದರೂ ಹಾಕು. ಪಾದ್ರಿ ಎನೊಕ್ ನಮ್ಮ ಜಗಲಿಯಲ್ಲಿ ಊಟಕ್ಕೆ ಕೂತಿದ್ದಾರೆ. ಊಟ ಮುಗಿಸಿಕೊಂಡು ಬೆಟ್ಟ ದಾಟಿ ನಿಮ್ಮ ಕಡೆಗೇ ಹೊರಡುತ್ತಾರಂತೆ, ಅವರ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಅವರ ಮುಂದೆ ಇಡೀ ಒಂದು ಕೋಳಿ ಇಟ್ಟು ಬಂದಿದ್ದೇನೆ. ಅವರು ಮೂಳೆಯನ್ನೂ ಸುಮ್ಮನೆ ಬಿಡುವವರಲ್ಲ ಎಂದು ನಿನಗೆ ಗೊತ್ತೇ ಇದೆ, ಹಾಗಾಗಿ ನನಗೆ ಸ್ವಲ್ಪ ಹೊತ್ತು ಸಿಗುತ್ತದೆ.

ಅತ್ತೆಯ ಮನೆಯಲ್ಲಿ ಹೇಗಿದ್ದೀಯ? ಹೊಟ್ಟೆಯಲ್ಲಿರುವುದು ಒದೆಯಲು ಶುರುಮಾಡಿತೇ? ಮಕ್ಕಳಿಗೆ ಕೆಮ್ಮು ಬಂದರೆ ಈರುಳ್ಳಿ ಸುಟ್ಟು ಎದೆಗೆ ಕಟ್ಟು, ನಿನ್ನ ಅತ್ತೆಯ ಟರ್ಪೆಂಟೈನ್ ಹುಚ್ಚಿಗೆ ಕಿವಿಗೊಡಬೇಡ. ನಿನ್ನ ಕೋಳಿಗಳಿಗೆ ನಾನೇ ಕಾಳು ಹಾಕುತ್ತಿದ್ದೇನೆ. ಹಸುವನ್ನು ನನ್ನ ಕೊಟ್ಟಿಗೆಗೆ ಹೊಡೆದುಕೊಂಡು ಬಂದೆ, ಅದು ನಿನ್ನ ಹಾಗೇ, ಎರಡು ದಿನ ಮುಖ ತಿರುಗಿಸಿಕೊಂಡೇ ನಿಂತಿತ್ತು.

ಈಗ ಮುಖ್ಯ ಮಾತು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಆಮೇಲೆ ನನ್ನ ತಲೆ ಎಲ್ಲೆಲ್ಲಿಗೆ ಹೋಗುತ್ತದೋ ನನಗೇ ಗೊತ್ತಿಲ್ಲ. ನಿನ್ನ ಗಂಡ ಏಸಾ ನನ್ನ ಗಂಡ ಲೆಮ್‌ನನ್ನು ಕೊಲ್ಲಲಿಲ್ಲ. ಅವನು ಎಲ್ಲಿ ಅಡಗಿದ್ದಾನೋ ನಾನು ಕೇಳುವುದಿಲ್ಲ. ಊರಿನವರು ಟೆಕ್ಸಸ್‌ಗೆ ಓಡಿದ ಅನ್ನುತ್ತಾರೆ, ಅನ್ನಲಿ. ಆದರೆ ನಿನಗೆ ಅವನು ಸಿಗುವುದಾದರೆ ಈ ಮಾತು ಅವನ ಕಿವಿಗೆ ಹಾಕು. ಏಪ್ರಿಲ್‌ನಲ್ಲಿ ಕೋರ್ಟು ಕೂರುತ್ತದೆ. ಸಿಕ್ಕಿದರೆ ಅವರು ಗಲ್ಲಿಗೆ ಹಾಕುತ್ತಾರೆ. ಅದಕ್ಕೂ ಮುಂಚೆ ಲೆಮ್‌ನ ತಮ್ಮ ಹೋಸಿಯಾ ಹಳ್ಳ ದಾಟುವ ಜಾಗದಲ್ಲಿ ಬಂದೂಕು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ. ಹೊಲದ ಕೆಲಸ ಬಿಟ್ಟು ಕೂತಿದ್ದಾನೆ, ಕೆಜ್ಜೀ.

ಜಗಳ ಅಪ್ಪನ ಹಂದಿಗಳ ಗುರುತಿನಿಂದ ಶುರುವಾಯಿತು ಎಂದು ನಮ್ಮಿಬ್ಬರಿಗೂ ಗೊತ್ತು. ಬಲಗಿವಿಯಲ್ಲಿ ಕವಲು, ಎಡಗಿವಿಯ ಕೆಳಗೊಂದು ಕಚ್ಚು. ಕಾಡಿಗೆ ಮೇಯಲು ಬಿಟ್ಟ ಹಂದಿಯ ಕಿವಿಯಲ್ಲಿ ಆ ಗುರುತು ಕಂಡರೆ ಈ ಕೌಂಟಿಯಲ್ಲಿ ಯಾರೂ ಅದಕ್ಕೆ ಕೈ ಹಾಕುತ್ತಿರಲಿಲ್ಲ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಗುರುತು ಯಾರಿಗೆ ಎಂದು ಬಾಯಿಬಿಟ್ಟು ಹೇಳದೆಯೇ ಕಣ್ಣುಮುಚ್ಚಿದ. ಹಿರಿಯ ಅಳಿಯ ನಾನು ಎಂದು ಲೆಮ್. ಕೊನೆಗಾಲದಲ್ಲಿ ಹಾಸಿಗೆ ಒಗೆದು ಎತ್ತಿ ಕೂರಿಸಿದವನು ನಾನು ಎಂದು ಏಸಾ. ಇಬ್ಬರೂ ತಮ್ಮ ತಮ್ಮ ಮರಿಗಳ ಕಿವಿಗೆ ಅದೇ ಗುರುತು ಹಾಕುತ್ತಾ ಹೋದರು. ಕಾಡಿನಲ್ಲಿ ಯಾವ ಹಂದಿ ಯಾರದು ಎಂದು ದೇವರಿಗೂ ತಿಳಿಯದ ಹಾಗೆ ಮಾಡಿಟ್ಟರು. ನಾವಿಬ್ಬರೂ ಆಗಲೇ ಕೂತು ತೀರ್ಮಾನ ಮಾಡಬಹುದಿತ್ತು. ನೀನು ನಾನೇ ಮೊದಲು ಮಾತಾಡಲಿ ಎಂದು ಕಾದೆ, ನಾನು ನೀನು ಮಾತಾಡಲಿ ಎಂದು ಕಾದೆ.

ನವೆಂಬರ್‌ನ ಮೊದಲ ಗಟ್ಟಿ ಚಳಿ ಬಿದ್ದ ದಿನ ನಿಮ್ಮ ಅಂಗಳದಲ್ಲಿ ಹಂದಿ ಕಡಿಯುತ್ತಿದ್ದರು. ಅಲ್ಲಿ ನಾನಿರಲಿಲ್ಲ, ನೀನಿದ್ದೆ, ಆದ್ದರಿಂದ ನನಗಿಂತ ಚೆನ್ನಾಗಿ ನೀನೇ ಹೇಳಬಲ್ಲೆ. ನನಗೆ ಗೊತ್ತಿರುವುದು ಇಷ್ಟು: ಲೆಮ್ ಬಂದ, ಕಂಬಕ್ಕೆ ತೂಗುಹಾಕಿದ್ದ ಹೆಣ್ಣು ಹಂದಿಯ ಕಿವಿ ತಿರುಗಿಸಿ ನೋಡಿದ, "ಇದು ನಂದು ಕಣೋ, ಕಳ್ಳ" ಅಂದ. ಏಸಾ ಬೆಳಗಿನಿಂದ ವಿಸ್ಕಿ ಜಾಡಿಯ ಪಕ್ಕದಲ್ಲೇ ಇದ್ದವನು. "ಮಾವನ ಹಾಸ್ಗೆ ಒಗೀವಾಗ ಎಲ್ಲೋಗಿದ್ದೆ ಹಿರಿ ಅಳಿಯಾ?" ಅಂದು ತಳ್ಳಿದ. ಲೆಮ್‌ನ ಹಿಂದಲೆ ಬಂಡಿಯ ಚಕ್ರಕ್ಕೆ ಬಡಿಯಿತು. ಎದ್ದ, ಟೋಪಿ ಎತ್ತಿಕೊಂಡ, ನಡೆದುಕೊಂಡೇ ಹೊರಟ. ಇಷ್ಟನ್ನು ಅಂಗಳದಲ್ಲಿದ್ದವರೆಲ್ಲ ನೋಡಿದ್ದಾರೆ.

ಆ ಸಂಜೆ ಲೆಮ್ ಮನೆಗೆ ಬರಲಿಲ್ಲ. ನಮ್ಮ ಊರಿನ ನ್ಯಾಯ ನೋಡುವ ಸ್ಕ್ವೈರ್ ಡಾಕೆರಿಯವರ ಮುಂದೆಯೂ ನಾನು ಹೀಗೇ ಹೇಳಿದೆ. ಸಿಟ್ಟು ಬಂದಾಗ ಮನೆಯೊಳಗೆ ಬಾರದೆ ಜೋಳದ ಕಣಜದಲ್ಲಿ ಸಿಪ್ಪೆಯ ಮೇಲೆ ಮಲಗುವುದು ಅವನ ರೂಢಿ, ಅಲ್ಲೇ ಹೋಗಿ ಬಿದ್ದುಕೊಂಡಿರಬೇಕು ಅಂದುಕೊಂಡೆ. ದಾರಿಯುದ್ದಕ್ಕೂ ಏಸಾನನ್ನು ಬೈಯುತ್ತಾ ಬಂದನಂತೆ. "ಕೆಜ್ಜಿ ಗಂಡಂಗೆ ತೋಳಲ್ಲಿರೋ ಬಲ ತಲೇಲಿ ಇಲ್ಲ, ಇವತ್ತು ತಲೇನೇ ಇರಲ್ಲ" ಅಂದನಂತೆ. ಯಾರೋ ಹೇಳಿದರು, ಯಾರೆಂದು ಈಗ ನೆನಪಾಗುತ್ತಿಲ್ಲ.

ಬೆಳಿಗ್ಗೆ ಹೋಸಿಯಾ ನಮ್ಮ ಹೇಸರಗತ್ತೆಯ ಬೇಲಿಯ ಹತ್ತಿರ ಅವನನ್ನು ಕಂಡ. ಬೇಲಿಗೆ ಒರಗಿ ಕೂತ ಹಾಗೆ ಇದ್ದನಂತೆ, ಗಡ್ಡದ ಮೇಲೆ ಮಂಜು ಕಟ್ಟಿತ್ತು. ಹೋಸಿಯಾ ಮೊದಲು "ಏಳೋ ಲೆಮ್ಮೂ, ಬಿಸಿಲು ಬಂತು" ಅಂದು ಬೂಟಿನಿಂದ ಕಾಲಿಗೆ ತಟ್ಟಿದನಂತೆ. ಆ ತಟ್ಟಿದ್ದನ್ನು ನೆನೆದು ಈಗಲೂ ಅಳುತ್ತಾನೆ. ಅವನ ಬಂದೂಕಿನ ಹಿಂದೆ ಇರುವುದು ಅದೇ ಅಳು, ಅದಕ್ಕೇ ಅವನಿಗೆ ಬುದ್ಧಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ಸ್ಕ್ವೈರ್ ಬಂದು ತಲೆ ನೋಡಿದರು. ಹಿಂದಲೆಯಲ್ಲಿ ಒಂದು ಗಾಯ, ಅದು ಚಕ್ರದ್ದು ಎಂದು ಎಲ್ಲರಿಗೂ ಗೊತ್ತು. ಎಡಗಿವಿಯ ಮೇಲೆ ಇನ್ನೊಂದು. ಆ ಎರಡನೆಯದೇ ನಿನ್ನ ಗಂಡನನ್ನು ಮುಳುಗಿಸಿತು. ಅಂಗಳದಲ್ಲಿ ತಳ್ಳಿದ್ದು ಒಂದೇ ಸಲ, ಹಾಗಾದರೆ ಇನ್ನೊಂದು ಎಲ್ಲಿಂದ ಬಂತು? ಹಿಂದೆಯೇ ಬಂದು ಹೊಡೆದಿರಬೇಕು ಎಂದು ಹೋಸಿಯಾ ಅಂದ. ಹೇಸರಗತ್ತೆ ಒದ್ದಿರಬಹುದು ಎಂದು ನಾನು ಅಂದೆ. ಸ್ಕ್ವೈರ್ ಹೋಗಿ ನೋಡಿ ಬಂದು, "ಹೇಸರಗತ್ತೆ ಒಳಗಿದೆ ಟಾಬಿತಾ, ಅಗಳಿ ಹೊರಗಿಂದ ಹಾಕಿದೆ, ಅದು ಹೇಗೆ ಒದಿಯತ್ತೆ?" ಅಂದರು. ಹೇಸರಗತ್ತೆಯ ಪರವಾಗಿ ಸಾಕ್ಷಿ ಹೇಳಲು ಅಗಳಿ ಇತ್ತು, ಏಸಾನ ಪರವಾಗಿ ಯಾರೂ ಇರಲಿಲ್ಲ. ನೀನು ಹೇಳಿದೆ, ಅವನು ಹಂದಿ ಮಾಂಸಕ್ಕೆ ಉಪ್ಪು ಹಾಕುತ್ತಾ ಮನೆಯಲ್ಲೇ ಇದ್ದ ಎಂದು. ಹೆಂಡತಿಯ ಮಾತು ಯಾರು ಕೇಳುತ್ತಾರೆ. ಆದರೂ ನಾನು ಹೇಸರಗತ್ತೆ ಎಂದೇ ಇಟ್ಟುಕೊಂಡಿದ್ದೇನೆ. ಲೆಮ್ ಒದೆ ತಿಂದ ಮೇಲೂ ಅಗಳಿ ಹಾಕಿರಬಹುದಲ್ಲ? ಹಾಕಿ ಆಮೇಲೆ ಬೇಲಿಗೆ ಒರಗಿರಬಹುದಲ್ಲ? ಮನುಷ್ಯ ತಲೆಗೆ ಏಟು ಬಿದ್ದ ಮೇಲೂ ನಡೆದಾಡುತ್ತಾನೆ, ಮಾತಾಡುತ್ತಾನೆ, ನಾನು ಬಲ್ಲೆ.

ಅವನನ್ನು ತೊಳೆದವಳು ನಾನೇ. ಬಾಗಿಲೊಂದನ್ನು ಕಳಚಿ ಕುರ್ಚಿಗಳ ಮೇಲೆ ಇಟ್ಟುಕೊಟ್ಟರು. ಗಡಿಯಾರ ನಿಲ್ಲಿಸಿದೆವು, ಕನ್ನಡಿಗೆ ಬಟ್ಟೆ ಮುಚ್ಚಿದೆವು. ಅಮ್ಮ ಇದ್ದಾಗ ಈ ಕೆಲಸವೆಲ್ಲ ಅಮ್ಮನದು, ನಾವು ನೀರು ಕಾಯಿಸಿ ಕೊಟ್ಟವರು ಅಷ್ಟೆ. ಒಬ್ಬಳೇ ಒಳಗೆ ನಿಂತಾಗ ಸಾಬೂನು ಎರಡು ಸಲ ನನ್ನ ಕೈ ಜಾರಿ ನೆಲಕ್ಕೆ ಬಿತ್ತು. ಯಾಕೆಂದರೆ ಅಮ್ಮ ಹೇಳುತ್ತಿದ್ದಳಲ್ಲ, ಕೊಂದವನ ಕೈ ತಾಗಿದರೆ ಹೆಣ ರಕ್ತ ಬಿಡುತ್ತದೆ ಎಂದು. ನಾನು ಅವನ ಹಣೆಯಿಂದ ಅಂಗಾಲಿನವರೆಗೆ ತೊಳೆದೆ, ಬೆರಳು ಬೆರಳಿನ ಸಂದಿ ಒರೆಸಿದೆ. ಒಂದು ಹನಿ ಬರಲಿಲ್ಲ. ನಾನು ಅಲ್ಲೇ ನೆಲಕ್ಕೆ ಕುಸಿದು ಕೂತು ದೇವರಿಗೆ ಕೈಮುಗಿದೆ. ಯಾಕೆ ಕೈಮುಗಿದೆ ಎಂದು ನೀನು ಕೇಳಬಹುದು. ಹೆದರಿದ್ದೆ, ಅಷ್ಟೆ.

ಮಧ್ಯಾಹ್ನ ಹೋಸಿಯಾ ಪಟ್ಟು ಹಿಡಿದ, ಎಲ್ಲರೂ ಹೆಣ ಮುಟ್ಟಲಿ ಎಂದು. ಪಾದ್ರಿ ಬೇಡ ಅಂದರು, ಇದು ದೇವರ ಪುಸ್ತಕದಲ್ಲಿಲ್ಲ ಅಂದರು. ಹೋಸಿಯಾ, "ನಮ್ಮಜ್ಜನ ಕಾಲ್ದಲ್ಲಿತ್ತು, ನಂಗಷ್ಟು ಸಾಕು" ಅಂದ. ಸ್ಕ್ವೈರ್ ಸುಮ್ಮನಿದ್ದರು. ಅವರು ಸುಮ್ಮನಿದ್ದರೆ ಒಪ್ಪಿದರು ಎಂದೇ ಅರ್ಥ. ಹಳ್ಳದ ಎರಡೂ ಕಡೆಯವರು ಸಾಲುಗಟ್ಟಿದರು. ಏಸಾ ಮನೆಯಲ್ಲೇ ಉಳಿಯಬಹುದಿತ್ತು, ಉಳಿಯಲಿಲ್ಲ. ನೀನು ಅವನ ತೋಳು ಹಿಡಿದು ಎಳೆಯುತ್ತಿದ್ದೆ. "ಬಿಡೇ, ನಾನೇನೂ ಮಾಡಿಲ್ಲ, ಮುಟ್ಟಿ ಬರ್ತೀನಿ" ಅಂದದ್ದು ಒಳಗೆ ನನಗೆ ಕೇಳಿಸಿತು.

ನಾನು ಹೆಣದ ತಲೆಯ ಹತ್ತಿರ ನಿಂತಿದ್ದೆ. ಒಬ್ಬೊಬ್ಬರೇ ಬಂದು ಎದೆಯ ಮೇಲೆ ಅಂಗೈ ಇಟ್ಟು ಹೋದರು. ಏಸಾ ಟೋಪಿ ತೆಗೆದ, ಬಗ್ಗಿದ, ಅವನ ಕಣ್ಣಲ್ಲಿ ನೀರಿತ್ತು, ಅಂಗೈ ಇಟ್ಟ. ಅಷ್ಟರಲ್ಲಿ ಗದ್ದಕ್ಕೆ ಕಟ್ಟಿದ್ದ ಬಟ್ಟೆ ಜಾರಿತ್ತು, ನಾನು ಕತ್ತಿನ ಕೆಳಗೆ ಕೈಹಾಕಿ ತಲೆಯನ್ನು ಸ್ವಲ್ಪ ಎತ್ತಿದೆ. ಲೆಮ್‌ನ ಮೂಗಿನಿಂದ ಕಪ್ಪಗೆ ಒಂದು ಎಳೆ ಇಳಿದು ಮೀಸೆಯೊಳಗೆ ಸೇರಿತು.

ಏಸಾ ತನ್ನ ಕೈ ನೋಡಿಕೊಂಡ. ಕೈಯಲ್ಲಿ ಏನೂ ಇರಲಿಲ್ಲ, ಆದರೂ ಪ್ಯಾಂಟಿಗೆ ಒರೆಸಿಕೊಂಡ. "ನಾನಾ? ಟಾಬಿ ಅಕ್ಕ, ನಾನಾ?" ಅಂದ. ನನ್ನನ್ನೇ ಕೇಳಿದ, ಕೆಜ್ಜೀ. ನಾನು ಬಾಯಿ ಬಿಡಲಿಲ್ಲ. ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಬಾಗಿಲು ದಾಟಿದ, ಆಮೇಲೆ ಓಡಿದ. ಹೋಸಿಯಾ ಹೊಡೆದ ಗುಂಡು ಬಾವಿಯ ಬಕೆಟ್ಟಿಗೆ ಬಿತ್ತು. ಆ ತೂತು ಬಿದ್ದ ಬಕೆಟ್ಟಿನಲ್ಲೇ ಇವತ್ತಿಗೂ ನೀರು ಸೇದುತ್ತೇನೆ, ಅರ್ಧ ಬರುತ್ತದೆ.

ಮಣ್ಣು ಮಾಡಿದ ದಿನ ನೀನು ನನ್ನ ಕೈ ಹಿಡಿಯಲಿಲ್ಲ. "ನಿನ್ ಗಂಡ ಒಂದೇ ಸಲ ಸತ್ತ ಕಣೆ ಅಕ್ಕ, ನನ್ ಗಂಡನ್ನ ನೀವೆಲ್ಲ ಸೇರಿ ದಿನಾ ಸಾಯಿಸ್ತೀರ" ಅಂದೆ. ಆಗ ನನಗೆ ಕೆಟ್ಟ ಕೋಪ ಬಂತು. ನಿಜ ಹೇಳಬೇಕೆಂದರೆ ಅಂದು ನಾನೂ ನಂಬಿದ್ದೆ. ನಾನು ತೊಳೆದಾಗ ಬಾರದ ರಕ್ತ ಅವನು ಮುಟ್ಟಿದಾಗ ಬಂತು, ಇನ್ನೇನು ಬೇಕು? ಚಕ್ರಕ್ಕೆ ಬಡಿದ ಏಟೇ ಒಳಗೊಳಗೆ ಕೆಲಸ ಮಾಡಿತು, ಸತ್ತವನೇ ಹೇಳುತ್ತಿದ್ದಾನೆ ಎಂದು ಎದೆ ಹಗುರಾಗಿತ್ತು. ಹೌದು, ಹಗುರಾಗಿತ್ತು ಎಂದೇ ಬರೆಯುತ್ತೇನೆ. ಚಳಿಗಾಲವೆಲ್ಲ ಆ ನಂಬಿಕೆಯ ಮೇಲೆ ನಿದ್ದೆ ಮಾಡಿದೆ.

ಮೊನ್ನೆ ಬುಧವಾರ ಹುಲ್ಡಾ ಅಜ್ಜಿ ಹೋದಳು. ನಮ್ಮಿಬ್ಬರ ಹೊಕ್ಕಳು ಕೊಯ್ದವಳು, ಅಳಬೇಡ. ತುಂಬಿದ ವಯಸ್ಸು, ಮಜ್ಜಿಗೆಯಲ್ಲಿ ಜೋಳದ ರೊಟ್ಟಿ ಕಿವುಚಿಕೊಂಡು ತಿಂದು ಮಲಗಿದವಳು ಏಳಲಿಲ್ಲ. ನನ್ನನ್ನು ತೊಳೆಯಲು ಕರೆದರು. ಲೆಮ್‌ನನ್ನು ಕಳಿಸಿದ ಮೇಲೆ ಊರಿನವರು ಈ ಕೆಲಸಕ್ಕೆ ನನ್ನನ್ನೇ ಕರೆಯುತ್ತಾರೆ, ಅಮ್ಮನ ಕೆಲಸ ನನಗೆ ಬಂತು ಅನ್ನುತ್ತಾರೆ. ಅಜ್ಜಿಯ ಸೊಸೆ ಮಾರ್ಥಾ ಕಾಲ ಹತ್ತಿರ ಇದ್ದಳು. ತೊಳೆಯುವಾಗ ಏನೂ ಆಗಲಿಲ್ಲ. ಹೊಸ ಟೋಪಿ ತೊಡಿಸೋಣ ಎಂದು ಕತ್ತಿನ ಕೆಳಗೆ ಕೈಹಾಕಿ ತಲೆ ಎತ್ತಿದೆ. ಅದೇ ಕಪ್ಪು ಎಳೆ, ಮೂಗಿನಿಂದ, ತುಟಿಯ ಮೇಲಕ್ಕೆ.

ಮಾರ್ಥಾ ಗಾಬರಿಯಲ್ಲಿ ನಕ್ಕುಬಿಟ್ಟಳು. "ಅಯ್ಯೋ ಟಾಬೀ, ನಮ್ಮತ್ತೇನ ಯಾರೇ ಕೊಂದ್ರು?" ಅಂದಳು. ನಾನೂ ನಕ್ಕೆ. ನಗುತ್ತಾ ನಗುತ್ತಾ ನನ್ನ ಮೊಣಕೈವರೆಗೆ ತಣ್ಣಗಾಯಿತು. ತಲೆ ಇಳಿಸಿದೆ, ನಿಂತಿತು. ಮತ್ತೆ ಎತ್ತಿದೆ, ಮತ್ತೆ ಬಂತು. ಮಾರ್ಥಾ ನನ್ನ ಕೈ ಹಿಡಿದುಕೊಂಡು, "ಸಾಕು, ಪಾಪ, ಯಾಕೆ ಹಂಗ್ ಮಾಡ್ತೀಯ" ಅಂದಳು.

ಅವತ್ತಿನಿಂದ ನನ್ನ ತಲೆ ನೆಟ್ಟಗಿಲ್ಲ. ಅಜ್ಜಿಯನ್ನು ಯಾರೂ ಕೊಲ್ಲಲಿಲ್ಲ, ಆದರೂ ರಕ್ತ ಬಂತು. ಕತ್ತು ಎತ್ತಿದರೆ ಬರುತ್ತದೆ, ಅಷ್ಟೆ. ಚರಿಗೆ ಬಗ್ಗಿಸಿದರೆ ನೀರು ಬಂದ ಹಾಗೆ. ಹಾಗಾದರೆ ಏಸಾನ ಅಂಗೈಗೂ ಆ ರಕ್ತಕ್ಕೂ ಸಂಬಂಧವೇ ಇಲ್ಲ. ಇಷ್ಟು ನನಗೆ ಸ್ಪಷ್ಟ. ಆಮೇಲಿನದು ಸ್ಪಷ್ಟವಿಲ್ಲ. ಬಂದ ರಕ್ತಕ್ಕೆ ಅರ್ಥವಿಲ್ಲ ಅನ್ನುವುದಾದರೆ, ತೊಳೆಯುವಾಗ ಬಾರದೆ ಇದ್ದದ್ದಕ್ಕೂ ಅರ್ಥವಿಲ್ಲ. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡಲು ಬರುವುದಿಲ್ಲ. ಇದನ್ನು ಯಾಕೆ ನಿನಗೆ ಬರೆಯುತ್ತಿದ್ದೇನೋ, ನಿನಗೆ ಇದರಿಂದ ಏನಾಗಬೇಕು. ಹೇಸರಗತ್ತೆಯೇ ಇರಬೇಕು. ಕೆಲವು ದಿನ ಚಕ್ರವೇ ಇರಬೇಕು ಅನ್ನಿಸುತ್ತದೆ. ಕೆಲವು ದಿನ ಬರೀ ಚಳಿಗೇ ಸತ್ತ ಅನ್ನಿಸುತ್ತದೆ, ಅವನ ಅಪ್ಪನೂ ಹಾಗೇ ಬೇಲಿ ಹತ್ತಿರ ಬಿದ್ದು ಹೋದವನಲ್ಲವೇ. ಒಬ್ಬ ಮನುಷ್ಯ ಸಾಯಲು ಇಷ್ಟೊಂದು ಕಾರಣ ಯಾಕಿರಬೇಕು, ಕೆಜ್ಜೀ? ಒಂದೇ ಇದ್ದಿದ್ದರೆ ನಾನು ಅದನ್ನು ಹಿಡಿದುಕೊಂಡು ಸ್ಕ್ವೈರ್ ಹತ್ತಿರ ಹೋಗುತ್ತಿದ್ದೆ.

ಸ್ಕ್ವೈರ್‌ಗೆ ಅಜ್ಜಿಯ ವಿಷಯ ಹೇಳುತ್ತೇನೆ. ಮಾರ್ಥಾಳನ್ನೂ ಕರೆದುಕೊಂಡು ಹೋಗುತ್ತೇನೆ. ಅವರು ನಂಬುತ್ತಾರೋ ಇಲ್ಲವೋ. ಹೋಸಿಯಾ ನಂಬುವುದಿಲ್ಲ, ಎರಡನೆಯ ಗಾಯ ಎಲ್ಲಿಂದ ಬಂತು ಎಂದು ಮತ್ತೆ ಅದನ್ನೇ ಕೇಳುತ್ತಾನೆ. ಅಲ್ಲಿಯವರೆಗೆ ಏಸಾ ಎಲ್ಲಿದ್ದಾನೋ ಅಲ್ಲೇ ಇರಲಿ. ಅವನು ಮುಟ್ಟಿದ್ದರಿಂದ ರಕ್ತ ಬರಲಿಲ್ಲ, ನಾನು ತಲೆ ಎತ್ತಿದ್ದರಿಂದ ಬಂತು ಎಂದು ಅವನಿಗೆ ಹೇಳು. ಹೆದರಬೇಡ ಅನ್ನು. ನೀನೂ ಹೆದರಬೇಡ. ಹೊಟ್ಟೆಯಲ್ಲಿರುವುದಕ್ಕೆ ಗಂಡಾದರೆ ಅಪ್ಪನ ಹೆಸರಿಡು, ಗುರುತು ಅದಕ್ಕೇ ಹೋಗಲಿ, ನನ್ನ ಕಡೆಯಿಂದ ಜಗಳವಿಲ್ಲ.

ಪಾದ್ರಿ ಕೈ ತೊಳೆಯುತ್ತಿದ್ದಾರೆ. ಮುಗಿಸುತ್ತೇನೆ.

ನೀನು ಅಕ್ಕ ಎಂದು ಕರೆಯದಿದ್ದರೂ ನಿನ್ನ ಅಕ್ಕನೇ ಆಗಿರುವ,
ಟಾಬಿತಾ

ಮರೆತದ್ದು: ಮರೆತದ್ದಲ್ಲ. ಹಿಟ್ಟು ಕಲಸಿ ಅಂಟಿಸಿದ್ದ ಕಾಗದವನ್ನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಪಾದ್ರಿಯನ್ನು ಇನ್ನೊಂದು ಲೋಟ ಮಜ್ಜಿಗೆ ಕೊಟ್ಟು ಕೂರಿಸಿದ್ದೇನೆ.

ಜೀನು ಬಿಗಿಯುತ್ತಾ ಅವರೇ ಮಾತು ತೆಗೆದರು. ಏಸಾ ಎಲ್ಲಿದ್ದಾನೆ ಎಂದು ನೀನು ಯಾರಿಗೂ ಹೇಳದಿದ್ದರೂ ಅವರಿಗೆ ಗೊತ್ತಂತೆ, ಹೋದ ತಿಂಗಳು ಅವನ ಜೊತೆ ಕೂತು ಪ್ರಾರ್ಥನೆ ಮಾಡಿದರಂತೆ. ಏಪ್ರಿಲ್‌ನಲ್ಲಿ ಅವನೇ ಕೋರ್ಟಿಗೆ ಬರುತ್ತಾನಂತೆ. ನಾನಲ್ಲ ಎಂದು ಹೇಳುವುದಕ್ಕಲ್ಲ, ಒಪ್ಪಿಕೊಳ್ಳುವುದಕ್ಕೆ. "ಸತ್ತೋನು ಸುಳ್ಳು ಹೇಳ್ತಾನಾ ಪಾದ್ರಿಗಳೇ?" ಅಂದನಂತೆ. "ನಾನು ಹಿಂದೆ ಹೋಗಿದ್ದು ನಂಗೆ ನೆನಪಿಲ್ಲ, ಆದ್ರೆ ಕುಡಿದಿದ್ದೆ. ಹೋಗಿರ್ಬೇಕು. ನಾನೇ ಇರ್ಬೇಕು." ನೀನು ಅವನು ಮನೆಯಲ್ಲೇ ಇದ್ದ ಎಂದು ಎಷ್ಟು ಹೇಳಿದರೂ, ನನ್ನನ್ನು ಉಳಿಸಲು ಹೇಳುತ್ತಿದ್ದಾಳೆ ಅನ್ನುತ್ತಾನಂತೆ. ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಳ್ಳುತ್ತಿದ್ದಾನೆ. ಅಜ್ಜಿಯ ಮೂಗಿನ ಕಥೆಯಿಂದ ಇದು ನಿಲ್ಲುವುದಿಲ್ಲ.

ಆ ಸಂಜೆ ಲೆಮ್ ಮನೆಗೆ ಬಂದಿದ್ದ. ಬೀನ್ಸು, ರೊಟ್ಟಿ ಎರಡು ಸಲ ಹಾಕಿಸಿಕೊಂಡು ಊಟ ಮಾಡಿದ. ಇವತ್ತು ಏಸಾನ ತಲೆ ಇರುವುದಿಲ್ಲ ಎಂದು ಮೇಲೆ ಬರೆದ ಮಾತು ನನಗೇ ಹೇಳಿದ್ದು, ಊಟದ ಮೇಜಿನಲ್ಲಿ. ಆಮೇಲೆ ಎದ್ದು ಬಾಗಿಲ ಮೇಲಿನ ಗೂಟದಿಂದ ಬಂದೂಕು ಇಳಿಸಿದ. ನಿಮ್ಮ ಮನೆಯ ಕಡೆಗೆ ಮೆಟ್ಟಿಲಿಳಿದ. ಬಟ್ಟೆ ಬಡಿಯುವ ಕೋಲು ಬಾಗಿಲ ಪಕ್ಕದಲ್ಲಿ ಒಣಗಲು ಇಟ್ಟಿತ್ತು, ಅಮ್ಮನ ಕೋಲು, ನಾನು ಚೆನ್ನಾಗಿರೋದನ್ನು ಇಟ್ಟುಕೊಂಡೆ ಎಂದು ನೀನು ಜಗಳವಾಡಿದ್ದೆಯಲ್ಲ, ಅದೇ. ನಾನು ಹೋಗಬೇಡ ಅಂದೆ. ಅವನು ಹಿಂದೆ ತಿರುಗಲಿಲ್ಲ. ಕಿವಿಯ ಮೇಲೆ ಹೊಡೆದೆ. ಮೆಟ್ಟಿಲ ಮೇಲೆ ಕೂತುಬಿಟ್ಟ, ನನ್ನ ಮುಖ ನೋಡಿ, "ನನ್ನೇನ್ ಅಂಗಿ ಅಂದ್ಕೊಂಡ್ಯೇನೇ?" ಅಂದು ನಕ್ಕ. ಕುಡಿಯಲು ನೀರು ಕೇಳಿದ. ಕೊಟ್ಟೆ. ಹೇಸರಗತ್ತೆಯ ಬೇಲಿಗೆ ಅಗಳಿ ಹಾಕಿ ಬರುತ್ತೇನೆ ಎಂದು ಎದ್ದು ಹೋದ, ನೆಟ್ಟಗೇ ನಡೆದ. ನಾನು ಬಂದೂಕು ಗೂಟಕ್ಕೆ ಹಾಕಿದೆ, ಪಾತ್ರೆ ತೊಳೆದೆ, ಕಣಜದಲ್ಲಿ ಮಲಗಿದ್ದಾನೆ ಅಂದುಕೊಂಡೆ. ನಿನ್ನ ಮನೆ ಉಳಿಯಿತು ಅಂದುಕೊಂಡು ಮಲಗಿದೆ.

ನನ್ನ ಏಟಿನಿಂದಲೇ ಸತ್ತನೋ, ಚಕ್ರದಿಂದಲೋ, ಎರಡೂ ಸೇರಿಯೋ, ನಾನು ಹುಡುಕುವುದನ್ನು ಬಿಟ್ಟಿದ್ದೇನೆ. ಎರಡನೆಯ ಗಾಯ ನನ್ನದು. ನಾಳೆ ಬೆಳಿಗ್ಗೆ ಮೊದಲು ಹೋಸಿಯಾ ಕೂತಿರುವಲ್ಲಿಗೆ ಹೋಗುತ್ತೇನೆ, ಅವನು ಬೇರೆಯವರ ಬಾಯಿಂದ ಕೇಳುವುದು ಬೇಡ. ಅವನು ಜೀವಸಹಿತ ಬಿಟ್ಟರೆ ಅಲ್ಲಿಂದ ಸ್ಕ್ವೈರ್ ಹತ್ತಿರ. ಈ ಕಾಗದ ಪೂರ್ತಿ ಓದಿ ಬೇಕಾದರೆ ಒಲೆಗೆ ಹಾಕು ಅಂದಿದ್ದೆನಲ್ಲ, ಹಾಕಬೇಡ, ಇಟ್ಟುಕೋ. ಏಸಾಗೆ ಓದಿ ಹೇಳು. ಅವನು ಅವತ್ತು ನನ್ನನ್ನು "ನಾನಾ?" ಎಂದು ಕೇಳಿದ. ಅಲ್ಲಪ್ಪ, ನೀನಲ್ಲ ಎಂದು ಅಕ್ಕ ಹೇಳಿದಳು ಅನ್ನು.

ಹಳ್ಳದ ಎರಡೂ ಕಡೆಯವರನ್ನು ಸಾಲು ನಿಲ್ಲಿಸಿ ಮುಟ್ಟಿಸಿದರು, ಕೆಜ್ಜೀ. ನನ್ನನ್ನು ಮಾತ್ರ ಯಾರೂ ಮುಟ್ಟು ಅನ್ನಲಿಲ್ಲ. ತೊಳೆದವಳು, ಹೆಂಡತಿ, ಅವಳನ್ನು ಏನು ಕೇಳುವುದು ಅಂದುಕೊಂಡರು. ಎಲ್ಲರೂ ಏಸಾನ ಕೈ ನೋಡುತ್ತಿದ್ದರು, ನನ್ನ ಕೈ ಲೆಮ್‌ನ ಕತ್ತಿನ ಕೆಳಗಿತ್ತು.